ಟಗರುಗಳ ಸ್ಟೇಡಿಯಂನ ಮೂರನೇ ಕಂಬ

ನಮ್ಮ ಎಲ್ಸ್‌ಬರ್ಗಿನಲ್ಲಿ ಚಳಿ ಶುರುವಾಯಿತೆಂದರೆ ಯಾರೂ ಯಾರನ್ನೂ ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. "ಮೂರನೇ ಕಂಬ ನೋಡಿದ್ಯಾ?" ಎಂದೇ ಮಾತು ಶುರು. ನಮ್ಮ ಕಡೆ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಕಾಲೇಜಿನ ಆ ಸ್ಟೇಡಿಯಂ ಸುತ್ತ ದೀಪದ ಕಂಬಗಳಿವೆ. ಒಂದರ ಬೆಳಕು ಬಿಳಿ, ಇನ್ನೊಂದರದು ಕಾಮಾಲೆ ಬಂದವರ ಕಣ್ಣಿನ ಬಣ್ಣ, ಮೂರನೆಯದು ಮನಸ್ಸು ಬಂದರೆ ಉರಿಯುತ್ತದೆ, ಬೇಜಾರಾದರೆ ಮಿಣಮಿಣ ಅನ್ನುತ್ತದೆ. ನಮ್ಮ ತಂಡದ ಹೆಸರು ಟಗರುಗಳು. ಟಗರುಗಳು ಸೋಲುವುದು ಹೊಸದೇನಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ಜಗಳವೆಲ್ಲ ಮೊದಲು ದೀಪ ಸರಿಮಾಡಬೇಕೋ, ಮೈದಾನದ ಸತ್ತ ಹುಲ್ಲನ್ನೋ ಎಂಬುದರದು.

ಪಂದ್ಯದ ದಿನ ಬೆಳಗ್ಗೆಯೇ ಎಲ್ಲರೂ ಸ್ಟೇಡಿಯಂ ಹೊರಗಿನ ಬಯಲಲ್ಲಿ ಕಾರು ನಿಲ್ಲಿಸಿ, ಹಿಂಬಾಗಿಲು ಎತ್ತಿ, ಇದ್ದಿಲ ಒಲೆ ಹಚ್ಚುತ್ತೇವೆ. ಸಾಸೇಜು ಸುಡುತ್ತಿರುತ್ತದೆ, ಬಿಯರ್ ಇಳಿಯುತ್ತಿರುತ್ತದೆ, ಎರಡು ಪಕ್ಷಗಳು ಕಚ್ಚಾಡುತ್ತಿರುತ್ತವೆ. ದೀಪದ ಪಕ್ಷಕ್ಕೆ ಗಾರ್ಡಿ ಹೌಗೆನ್ ನಾಯಕ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ದೇಹ ಸಣ್ಣದು, ಗಂಟಲು ಬಸ್ಸಿನ ಹಾರನ್ನಿನದು. ಹುಲ್ಲಿನ ಪಕ್ಷಕ್ಕೆ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಲೋವೆಲ್ ಹಾಸ್. ನಾನು, ವರ್ನಾ, ಯಾವ ಪಕ್ಷವೂ ಅಲ್ಲ. ಇಬ್ಬರಿಗೂ ಬೈಯುವ ಹಕ್ಕು ಉಳಿಸಿಕೊಂಡವಳು.

"ದೀಪ ಸರಿಯಿದ್ರೆ ತಾನೇ ಹುಲ್ಲು ಕಾಣೋದು?" ಎನ್ನುತ್ತಾನೆ ಗಾರ್ಡಿ.

"ಕಾಣ್ದೇ ಇರೋದೇ ನಮ್ಮ ಪುಣ್ಯ ಕಣಯ್ಯಾ," ಎನ್ನುತ್ತಾನೆ ಲೋವೆಲ್. "ನನ್ನ ತಂಗಿ ಟಿವೀಲಿ ನಮ್ಮ ಮೈದಾನ ನೋಡಿ ಫೋನ್ ಮಾಡಿದ್ಲು. ಅಲ್ಲಿ ಹಸು ಬಿಟ್ಟಿದೀರಾ ಅಂತ ಕೇಳ್ತಾಳೆ."

"ಹಸು ಬಿಟ್ಟಿದ್ರೆ ಸಗಣಿಯಾದ್ರೂ ಬೀಳ್ತಿತ್ತು, ಹುಲ್ಲು ಬರ್ತಿತ್ತು," ಎಂದು ನಾನು ಸೇರಿಸುತ್ತೇನೆ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡುತ್ತಾರೆ.

ಗಾರ್ಡಿಗೆ ದೀಪದ ಹುಚ್ಚು ಹಳೆಯದೇ. ಆದರೆ ಎರಡು ವರ್ಷದಿಂದ ಅದು ವಿಪರೀತಕ್ಕೆ ಹೋಗಿತ್ತು. ಕಾರಣ ಅವನ ಹೆಂಡತಿ ಮಾರ್ಲಿಸ್. ಅವಳ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ಅಂಚಿನಲ್ಲಿ ಏನೋ ಅಲ್ಲಾಡಿದ್ದು ತಿಳಿಯುತ್ತದೆ, ನೇರ ನೋಡಿದರೆ ಏನೂ ಇಲ್ಲ. ಮದುವೆಯಾದ ವರ್ಷದಿಂದ ಇಬ್ಬರೂ ಒಂದೇ ಜಾಗದಲ್ಲಿ, ನನ್ನ ಮುಂದಿನ ಸಾಲಿನಲ್ಲಿ, ಕೂತವರು. ಈ ಸಲ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು, ಮುಂದಿನ ವರ್ಷಕ್ಕೆ ನನ್ನ ಸೀಟು ತಗೋಬೇಡ, ನಾನು ಮನೇಲಿ ರೇಡಿಯೋ ಕೇಳ್ತೀನಿ, ಎಂದು. ಸೀಟು ಬೇಕೋ ಬೇಡವೋ ಎಂದು ನಮ್ಮೂರಲ್ಲಿ ನಡೆಯುವ ಆ ವರ್ಷದ ಕೊನೆಯ ಪಂದ್ಯದ ದಿನ ಟಿಕೆಟ್ ಕಿಟಕಿಯಲ್ಲಿ ಹೇಳಬೇಕು. ಹೇಳದಿದ್ದರೆ ಬೇರೆಯವರಿಗೆ ಹೋಯಿತು.

ಗಾರ್ಡಿ ಇದನ್ನು ಗುಟ್ಟಾಗಿ ನನ್ನೊಬ್ಬಳಿಗೇ ಹೇಳಿದ. ನನ್ನ ಬಾಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಇಡೀ ಊರಿಗೆ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ.

"ಬೆಳಕು ಸರಿಯಿದ್ರೆ ಅವಳಿಗೆ ಕಾಣುತ್ತೆ ವರ್ನಾ."

"ಯಾವ ಬೆಳಕಿಂದಲೂ ಆಗಲ್ಲ ಅಂತ ಡಾಕ್ಟ್ರು ಹೇಳಿದಾರಂತಲ್ಲೋ?"

"ಆ ಡಾಕ್ಟ್ರು ಒಂದಿನಾನಾದ್ರೂ ಸ್ಟೇಡಿಯಂಗೆ ಬಂದಿದಾನಾ? ಮೂರನೇ ಕಂಬ ನೋಡಿದಾನಾ?"

ಇಂಥವನಿಗೆ ಏನು ಹೇಳುವುದು! ಆದರೂ ಮಾರ್ಲಿಸ್ ಇಲ್ಲದ ಆ ಸಾಲು ನನಗೂ ಬೇಡ. ಅವಳಷ್ಟು ಚೆನ್ನಾಗಿ ರೆಫರಿಗಳನ್ನು ಬೈಯುವವರು ನಮ್ಮ ಜಿಲ್ಲೆಯಲ್ಲೇ ಇಲ್ಲ.

ಕೊನೆಯ ಪಂದ್ಯ ಹಾರ್ಮನ್ ಕಾಲೇಜಿನ ಮೇಲೆ, ಶನಿವಾರ ಸಂಜೆ, ಟಿವಿಯಲ್ಲಿ ಬರುವುದು ಎಂದು ಗೊತ್ತಾದಾಗ ಎರಡೂ ಪಕ್ಷಗಳು ಮೈ ಕೊಡವಿ ಎದ್ದವು. ಅಭಿಮಾನಿಗಳ ಸಭೆ ಸೇರಿತು. ಲೋವೆಲ್ ಎದ್ದು, ಹೊಸ ಹುಲ್ಲು ಹಾಕಲು ಈಗ ಆಗದು, ಸತ್ತ ಹುಲ್ಲಿಗೇ ಹಸಿರು ಬಣ್ಣ ಹೊಡೆಯೋಣ, ದೊಡ್ಡ ಕಾಲೇಜುಗಳೇ ಹೊಡೆಯುತ್ತವೆ ಎಂದ. ಚಪ್ಪಾಳೆ ಬಿತ್ತು. ಗಾರ್ಡಿ ಬಿಟ್ಟಾನೆಯೇ? ಅವನೂ ಎದ್ದ. ದೊಡ್ಡ ಕಾಲೇಜುಗಳಲ್ಲಿ ತಂಡ ಮೈದಾನಕ್ಕೆ ಬರುವಾಗ ದೀಪವನ್ನೆಲ್ಲ ಆರಿಸಿ, ಹೊಗೆ ಬಿಟ್ಟು, ಹುಡುಗರು ಓಡಿ ಬರುತ್ತಿದ್ದ ಹಾಗೆ ಒಮ್ಮೆಲೇ ಝಗ್ಗನೆ ಹಚ್ಚುತ್ತಾರೆ, ನಾವೂ ಹಾಗೇ ಮಾಡೋಣ ಎಂದ. ಇದಕ್ಕೂ ಚಪ್ಪಾಳೆ. ಕ್ರೀಡಾ ವಿಭಾಗದ ಮುಖ್ಯಸ್ಥ ಕರ್ಟಿಸ್ ಬ್ಲೂಮ್, ಟಿವಿಯವರಿಗೆ ಇಂಥದ್ದು ಬಲು ಇಷ್ಟ ಎಂದು ಅಲ್ಲೇ ಒಪ್ಪಿಬಿಟ್ಟ.

ಹೊರಗೆ ಬಂದ ಮೇಲೆ ಗಾರ್ಡಿ ನನ್ನ ಕಿವಿಯಲ್ಲಿ ತನ್ನ ಸಂಶೋಧನೆ ಹೇಳಿದ. "ಕತ್ತಲಲ್ಲಿ ಕಣ್ಣಿನ ಪಾಪೆ ದೊಡ್ಡದಾಗುತ್ತೆ. ಆಗ ದಿಢೀರಂತ ಬೆಳಕು ಬಿದ್ರೆ ಎಲ್ಲಾ ಒಳಗೆ ಹೋಗುತ್ತೆ. ಅವಳಿಗೆ ಕಾಣುತ್ತೆ, ನೋಡ್ತಿರು."

ಪಂದ್ಯದ ಹಿಂದಿನ ದಿನ ಲೋವೆಲ್ ಮತ್ತವನ ಬಳಗ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಮೈದಾನಕ್ಕೆಲ್ಲ ಬಣ್ಣ ಸಿಂಪಡಿಸಿದರು. ಚಳಿ, ಮೋಡ, ಇಬ್ಬನಿ. ಬಣ್ಣ ಒಣಗಲು ದಾರಿಯೇ ಇರಲಿಲ್ಲ. ದೂರದಿಂದ ಮಾತ್ರ ಎಷ್ಟು ಚೆಂದ ಕಂಡಿತೆಂದರೆ, ಗಾರ್ಡಿ ಕೂಡ ಲೋವೆಲ್‌ನ ಬೆನ್ನು ತಟ್ಟಿದ. ಅವರಲ್ಲಿ ಒಬ್ಬ ಇನ್ನೊಬ್ಬನನ್ನು ಹೊಗಳಿದ್ದನ್ನು ನೋಡಿದಾಗಲೇ ನನಗೆ ಏನೋ ಎಡವಟ್ಟಾಗಲಿದೆ ಅನ್ನಿಸಿತು.

ಶನಿವಾರ ಸಂಜೆ ನಾವೆಲ್ಲ ನಮ್ಮ ಸೀಟಿನಲ್ಲಿದ್ದೆವು. ಹೊರಗೆ ಪೂರ್ತಿ ಕತ್ತಲು ಇಳಿದಿತ್ತು. ಮಾರ್ಲಿಸ್ ಎರಡು ಕಂಬಳಿ ಸುತ್ತಿಕೊಂಡು, ಫ್ಲಾಸ್ಕಿನ ಕೋಕೋ ಹಿಡಿದು ಸುಮ್ಮನೆ ಕೂತಿದ್ದಳು. ಗಾರ್ಡಿ ಅವಳ ತಲೆಯನ್ನು ಮೈದಾನದ ಕಡೆ ತಿರುಗಿಸಿ, "ಕಣ್ಣು ಅಗಲ ಬಿಟ್ಕೊಂಡಿರು, ಮಿಟುಕಿಸ್ಬೇಡ," ಎಂದ.

"ಯಾಕೆ, ಫೋಟೋ ತೆಗೀತೀಯಾ?" ಎಂದಳು ಅವಳು.

ದೀಪ ಆರಿತು. ಜನ ಹೋ ಎಂದರು. ಹೊಗೆ ಎದ್ದಿತು, ಡೋಲು ಬಡಿಯಿತು, ಹುಡುಗರು ಓಡಿ ಬಂದ ಸದ್ದಾಯಿತು. ಈಗ ಝಗ್ಗನೆ ಬೆಳಕಾಗಬೇಕು. ಆಗಲಿಲ್ಲ. ಇನ್ನೊಂದು ಸಲ ಹೋ ಎಂದರು. ಆಗಲೂ ಇಲ್ಲ.

ಹಿಂದಿನಿಂದ ಲೋವೆಲ್ ಕಿರುಚಿದ. "ಗಾರ್ಡಿ! ಈ ಹಳೇ ದೀಪಗಳು ಒಂದ್ಸಲ ಆರಿದ್ರೆ ತಣ್ಣಗಾಗೋ ತನಕ ಮತ್ತೆ ಹತ್ತಲ್ಲ ಅಂತ ಹತ್ತು ವರ್ಷದಿಂದ ನಮ್ಮ ತಲೆ ತಿಂದಿದ್ದು ನೀನೇ ಅಲ್ವೇನೋ!"

ಅಯ್ಯೋ ದೇವರೇ! ಹೌದಲ್ಲ! ಒಮ್ಮೆ ಗುಡುಗಿಗೆ ಕರೆಂಟು ಹೋಗಿ ಬಂದಾಗ ಇಡೀ ಊರು ಕೂತು ಕಾದಿತ್ತು. ದೀಪಗಳ ಮೇಲೆ ಗಾರ್ಡಿಗಿದ್ದ ದೂರುಗಳಲ್ಲೆಲ್ಲ ಅವನಿಗೆ ಅತಿ ಪ್ರೀತಿಯ ದೂರು ಇದೇ. ಊರಿಗೆಲ್ಲ ಬಾಯಿಪಾಠ ಮಾಡಿಸಿ, ತಾನೇ ಮರೆತಿದ್ದ. ಸಭೆಯಲ್ಲಿ ಚಪ್ಪಾಳೆ ತಟ್ಟಿದ ನಾವೂ ಒಬ್ಬರಾದರೂ ನೆನಪಿಸಿಕೊಂಡೆವೇ? ನಮ್ಮ ತಲೆಗಿಷ್ಟು ಬೆಂಕಿ ಹಾಕ.

ಜನ ಫೋನು ಎತ್ತಿ ಹಿಡಿದರು. ಆ ಬೆಳಕಿನಲ್ಲಿ ಪಕ್ಕದವರ ಮೂಗು ಕಂಡಿತು, ಮೈದಾನ ಕಾಣಲಿಲ್ಲ. ಧ್ವನಿವರ್ಧಕದಲ್ಲಿ ಒಬ್ಬ, ಇನ್ನೇನು ಬಂತು, ಇನ್ನೇನು ಬಂತು ಎಂದು ಹೇಳುತ್ತಲೇ ಇದ್ದ. ಕೆಳಗಿನಿಂದ ಧಡ್ ಎಂಬ ಸದ್ದು, ಆಮೇಲೆ ತಗಡು ಜಜ್ಜಿದ ಸದ್ದು.

ಮಾರ್ಲಿಸ್ ಕಿಸಕ್ಕನೆ ನಕ್ಕಳು. "ಯಾರೋ ಬ್ಯಾಂಡಿನ ದೊಡ್ಡ ತುತ್ತೂರಿ ಒಳಗೆ ಬಿದ್ದ."

"ನಿನಗೆ ಹೇಗೆ ಗೊತ್ತಾಯ್ತೇ?" ಎಂದೆ.

"ಕೇಳಿಸ್ತಲ್ಲ. ಡೋಲಿನವರು ದಾರಿ ತಪ್ಪಿ ಹಾರ್ಮನ್‌ನವರ ಕಡೆ ಹೋಗಿದಾರೆ. ನಮ್ಮ ಕೋಚ್ ಬೈತಿದಾನೆ ನೋಡು, ಪಾಪ, ಅವರ ಹುಡುಗ್ರಿಗೆ ಬೈತಿದಾನೆ. ಅವರು 'ಆಯ್ತು ಸರ್' ಅಂತಿದಾರೆ."

ನಮ್ಮ ಸಾಲಿನವರೆಲ್ಲ ಅವಳ ಕಡೆ ವಾಲಿದರು. "ಈಗೇನಾಯ್ತು ಮಾರ್ಲಿಸ್?" "ಇದು ಯಾರ ಕೂಗು?" ಅವಳು ಒಂದೊಂದಾಗಿ ಹೇಳುತ್ತ ಹೋದಳು. ಕರ್ಟಿಸ್ ಬ್ಲೂಮ್ ಯಾರಿಗೋ ಕ್ಷಮೆ ಕೇಳುತ್ತಿದ್ದಾನೆ, ಟಿವಿಯವನು ಕ್ಷಮಿಸುತ್ತಿಲ್ಲ, ತಂಡದ ಪರವಾಗಿ ಟಗರಿನ ವೇಷ ಹಾಕಿ ಕುಣಿಯುವವನು ಕೊಂಬು ಕಳೆದುಕೊಂಡು ಕೂಗುತ್ತ ಹುಡುಕುತ್ತಿದ್ದಾನೆ. ಹಿಂದಿನ ಸಾಲು, ಅದರ ಹಿಂದಿನ ಸಾಲು, ಎಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎರಡು ವರ್ಷದಲ್ಲಿ ಅವಳು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಗಾರ್ಡಿ ಮಾತ್ರ ನಗಲಿಲ್ಲ. "ಎಲ್ಲಾ ಹಾಳ್ಮಾಡ್ಬಿಟ್ಟೆ," ಎಂದ ಸಣ್ಣ ದನಿಯಲ್ಲಿ.

"ಹಾಳೇನು ಬಂತು? ನನಗಂತೂ ಬಲೇ ಖುಷಿಯಾಗಿದೆ."

"ನಿನಗೆ ಕಾಣ್ಲಿ ಅಂತ ಮಾಡಿಸ್ದೆ ಮಾರ್ಲಿಸ್. ಕತ್ತಲಾಗಿ ಬೆಳಕಾದ್ರೆ ಕಾಣುತ್ತೇನೋ ಅಂತ. ಕಂಡ್ರೆ ಮುಂದಿನ ವರ್ಷ ಬರ್ತೀಯೇನೋ ಅಂತ."

ಅವಳು ಕೋಕೋ ಕೆಳಗಿಟ್ಟಳು. ನಾನು ನಾಚಿಕೆಯಿಲ್ಲದೆ ಮುಂದಕ್ಕೆ ಬಾಗಿ ಕೇಳಿಸಿಕೊಂಡೆ.

"ಗಾರ್ಡಿ, ಸೂರ್ಯನ್ನೇ ತಂದು ಆ ಕಂಬಕ್ಕೆ ಕಟ್ಟಿದ್ರೂ ನನಗೆ ಕಾಣಲ್ಲ. ಅದು ನನಗೆ ಗೊತ್ತು. ಅದಕ್ಕೆ ಅತ್ತೂ ಆಯ್ತು, ಮುಗೀತು. ನಾನು ಬರಲ್ಲ ಅಂದಿದ್ದು ಕಣ್ಣಿನ ದೆಸೆಯಿಂದಲ್ಲ, ನಿನ್ನ ದೆಸೆಯಿಂದ."

"ನಾನೇನು ಮಾಡ್ದೆ?"

"ಎರಡು ವರ್ಷ ಆಯ್ತು, 'ಈಗೇನಾಯ್ತು ಗಾರ್ಡಿ' ಅಂತ ಕೇಳ್ತೀನಿ. ನೀನು 'ಆ ಮೂರನೇ ಕಂಬ ನೋಡು, ದರಿದ್ರ' ಅಂತೀಯ. ಜನ ಎದ್ದು ಕುಣೀತಿದ್ರೂ ನೀನು ಕಂಬ ಬೈತಿರ್ತೀಯ. ನಾನು ಇಲ್ಲಿ ಚಳೀಲಿ ಗೊಂಬೆ ಹಾಗೆ ಕೂತಿರ್ತೀನಿ. ರೇಡಿಯೋದವನು ಆಟ ಹೇಳ್ತಾನೆ ಕಣೋ!"

ಗಾರ್ಡಿಯ ಗಂಟಲಿನ ಬಸ್ಸಿನ ಹಾರನ್ ಕೆಟ್ಟು ನಿಂತಿತು.

ಅಷ್ಟರಲ್ಲಿ ಕಂಬಗಳ ಮೇಲೆ ನೇರಳೆ ಬಣ್ಣದ ಮಿಣುಕು ಹುಟ್ಟಿತು. ನಿಧಾನವಾಗಿ, ಬೇಕೋ ಬೇಡವೋ ಎಂಬಂತೆ, ದೀಪಗಳು ಹತ್ತತೊಡಗಿದವು. ಮೈದಾನ ಕಂಡಿತು. ಇಡೀ ಸ್ಟೇಡಿಯಂ ಬಿದ್ದು ಬಿದ್ದು ನಕ್ಕಿತು. ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಉರುಳಿದ್ದ ಹುಡುಗರಿಗೆಲ್ಲ ಲೋವೆಲ್‌ನ ಬಣ್ಣ ಮೆತ್ತಿತ್ತು. ಹಾರ್ಮನ್‌ನವರು ಬಂದದ್ದು ಬಿಳಿ ಬಟ್ಟೆಯಲ್ಲಿ. ಈಗ ಯಾರು ಯಾವ ತಂಡವೆಂದು ಅವರ ಹೆತ್ತ ತಾಯಿಗೂ ತಿಳಿಯುವಂತಿರಲಿಲ್ಲ.

"ಏನಾಯ್ತು?" ಎಂದಳು ಮಾರ್ಲಿಸ್. "ಯಾಕೆ ನಗ್ತಿದಾರೆ?"

ಗಾರ್ಡಿ ತಲೆಯೆತ್ತಿದ. ಮೂರನೇ ಕಂಬದ ಅರ್ಧ ದೀಪಗಳು ಹತ್ತಿರಲೇ ಇಲ್ಲ. ಬೇಡ ಕಣೋ, ದಮ್ಮಯ್ಯ, ಕಂಬದ ಮಾತೆತ್ತಬೇಡ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅವನು ತಲೆ ತಗ್ಗಿಸಿದ, ಮೈದಾನ ನೋಡಿದ.

"ಎಲ್ಲರೂ ಹಸಿರಾಗಿದಾರೆ," ಎಂದ. "ನಮ್ಮ ಗಿಡ್ಡ ಹುಡುಗನ ಚಡ್ಡಿ ಹಿಂದೆ ಪೂರ್ತಿ ಹಸಿರು, ಎರಡು ದುಂಡನೆ ಗುರುತು. ರೆಫರಿ ಕೈಯಲ್ಲಿ ಕರ್ಚೀಫು ಹಿಡ್ಕೊಂಡು ಒಬ್ಬೊಬ್ಬನ ಎದೆ ಒರೆಸಿ ನಂಬರ್ ಓದ್ತಿದಾನೆ."

"ಒರೆಸ್ಲಿ, ಅವನಿಗೆ ತಕ್ಕ ಕೆಲಸ ಅದೇ," ಎಂದಳು ಮಾರ್ಲಿಸ್. "ಮುಂದೆ?"

ಹೇಳಿದ ನೋಡಿ! ಶುರುವಾದ ಮೇಲೆ ನಿಲ್ಲಿಸಲೇ ಇಲ್ಲ. ಮೊದಮೊದಲು ತಡವರಿಸಿದ, ಎಡಗಡೆ ಓಡಿದ್ದನ್ನು ಬಲಗಡೆ ಎಂದ, ಅವಳು ಜನರ ಕೂಗು ಕೇಳಿ ತಿದ್ದಿದಳು. ಒಮ್ಮೆಯಂತೂ ಅವಳಿಗೆ ಸಂತೋಷವಾಗಲೆಂದು, ನಮ್ಮವನು ಚೆಂಡು ಕೈಬಿಟ್ಟಿದ್ದನ್ನು ಗೆರೆ ದಾಟಿ ಓಡಿ ಅಂಕ ತಂದ ಎಂದು ಹೇಳಿದ.

"ಹಾಗಾದ್ರೆ ನಮ್ಮವರೆಲ್ಲ ಅಯ್ಯೋ ಅಂದಿದ್ಯಾಕೆ? ಹೋಗಿರೋದು ಕಣ್ಣು ಕಣೋ, ಕಿವಿಯಲ್ಲ!"

ಆಮೇಲೆ ಸುಳ್ಳು ಹೇಳುವ ಧೈರ್ಯ ಮಾಡಲಿಲ್ಲ. ಸೋಲನ್ನೂ ಬಿಡದೆ ಹೇಳಿದ, ಹೇಳುವುದಕ್ಕೆ ಅದೇ ಹೆಚ್ಚಿತ್ತು. ಮಧ್ಯದಲ್ಲಿ ಲೋವೆಲ್ ಬೇಕೆಂದೇ, "ಗಾರ್ಡಿ, ಮೂರನೇ ಕಂಬ ನೋಡೋ!" ಎಂದು ಕೆಣಕಿದ. ಗಾರ್ಡಿ ತಿರುಗಲಿಲ್ಲ. ನಾನು ತಿರುಗಿ ಲೋವೆಲ್‌ಗೆ ಏನು ಹೇಳಬೇಕೋ ಹೇಳಿದೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪಂದ್ಯ ಮುಗಿಯಿತು, ಟಗರುಗಳು ಸೋತವು, ಜನ ಇಳಿದು ಹೋಗತೊಡಗಿದರು. ಗಾರ್ಡಿಯ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಉಸಿರಿನಲ್ಲೇ ಕೇಳಿದ. "ಟಿಕೆಟ್ ಕಿಟಕಿ ಮುಚ್ಚಿಬಿಡ್ತಾರೆ. ನಿನ್ನ ಸೀಟು... ಏನು ಹೇಳ್ಲಿ?"

ಮಾರ್ಲಿಸ್ ಕಂಬಳಿ ಮಡಚಿದಳು. "ರೇಡಿಯೋದವನು ನಿನಗಿಂತ ಎಷ್ಟೋ ಚೆನ್ನಾಗಿ ಹೇಳ್ತಾನೆ."

ಗಾರ್ಡಿಯ ಮುಖ ಇಳಿದುಹೋಯಿತು. ನನಗೆ ಅವಳ ಮೇಲೆ ಕೋಪವೇ ಬಂತು.

"ಆದ್ರೆ ಅವನನ್ನ ಎಷ್ಟು ಬೈದ್ರೂ ಅವನಿಗೆ ಕೇಳಿಸಲ್ಲ," ಎಂದಳು. "ಎರಡೂ ಸೀಟು ಬೇಕು ಅಂತ ಹೇಳು, ಹೋಗು."

ಅವನು ಮೆಟ್ಟಿಲ ಮೇಲೆ ಜನರನ್ನು ತಳ್ಳಿಕೊಂಡು ಹೊರಟ. ಮಾರ್ಲಿಸ್ ನನ್ನ ತೋಳು ಹಿಡಿದಳು.

"ವರ್ನಾ, ಓಡ್ತಿದಾನಾ?"

"ಓಡ್ತಿದಾನೆ ಕಣೇ," ಎಂದೆ. "ನಮ್ಮ ಹುಡುಗ್ರು ಒಬ್ಬರೂ ಇವತ್ತು ಹೀಗೆ ಓಡ್ಲಿಲ್ಲ."