ಯಂಕವ್ವ ಹೊಸೆದ ಉಡದಾರ

ವೈಶಾಖದ ಬಿಸಿಲು, ಮಧ್ಯಾಹ್ನ ನಾಲ್ಕರ ಹೊತ್ತು. ಇಸವಿ ತೊಂಬತ್ತೇಳು. ಪುಣೆಯ ದೊಡ್ಡ ಈಜುಕೊಳದಾಗ ಆರು ದೇಶದವರು ವಾಟರ್ ಪೋಲೊ ಆಡಲಿಕ್ಕೆ ಬಂದಿದ್ದರು. ಈ ಕಡೆ ಏಳು ಮಂದಿ, ಆ ಕಡೆ ಏಳು ಮಂದಿ. ತಳಕ್ಕೆ ಕಾಲು ಊರುವಂತಿಲ್ಲ, ಈಜುತ್ತಲೇ ಚೆಂಡು ಒಗೆದು ಗೋಲು ಹೊಡೀಬೇಕು. ನೀರಿನ ಮ್ಯಾಲೆ ಕಾಣೋದು ಚೆಂಡಿನ ಆಟ, ಕೆಳಗೆ ನಡೆಯೋದು ಬಡಿದಾಟ. ಭಾರತದ ಬಿಳಿ ಟೊಪಗಿ ಹಾಕಿದವರಾಗ ನನ್ನ ತಂಗಿ ಯಂಕವ್ವನ ಮಗ ಭೀಮು ಇದ್ದ.

ನಾವು ಶಹಾಪುರದ ಕಡೆಯವರು, ದುಡಿಯಲಿಕ್ಕೆ ಪುಣೆಗೆ ಬಂದವರು. ನಾನು ಗೋಡೆ ಕಟ್ಟುವ ಗವಂಡಿ, ಯಂಕವ್ವ ತಲೆ ಮ್ಯಾಲೆ ಕಲ್ಲು-ಕಾಂಕ್ರೀಟು ಹೊರುವಾಕಿ. ಅವಳ ಗಂಡ ಮಲಕಪ್ಪ ಕಟ್ಟುತ್ತಿದ್ದ ಮಾಳಿಗೆಯಿಂದಲೇ ಬಿದ್ದು ಸತ್ತ. ಆಮ್ಯಾಲೆ ಹಿರೀಮಗ ಹುಲಿಗೆಪ್ಪ ಮರಳಿನ ಲಾರಿ ಕೆಳಗೆ ಸಿಕ್ಕ. ಎರಡು ಸಲವೂ ಹೆಣಕ್ಕೆ ನೀರು ಹಾಕಿ ಸೊಂಟದ ಉಡದಾರ ಕೊಯ್ಯುವಾಗ ಅವಳು ಅಲ್ಲೇ ನಿಂತಿದ್ದಳು. ನಮ್ಮ ಮಂದಿಯೊಳಗ ಗಂಡಸಿನ ಉಡದಾರ ಕೊಯ್ಯೋದು ಹೆಣದ ಮ್ಯಾಲೆ ಮಾತ್ರ. ಜೀವ ಇರೋತನಕ ಹೊಸದು ಕಟ್ಟಿದ ಮ್ಯಾಲೆಯೇ ಹಳೇದು ತೆಗೆಯೋದು. ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಅವಳ ಮನಿಯಾಗ ಉಳಿದ ಒಂದೇ ಉಡದಾರ ಭೀಮುನದು.

ಪುಣೆಯಾಗ ಈಗ ಮಗರಪಟ್ಟಾ ಬಡಾವಣೆ ಇರುವ ಕಡೆ ಆಗ ಕಬ್ಬಿನ ಹೊಲ. ಅಲ್ಲಿಯ ಬಾವಿಯಾಗ ಬಿದ್ದು ಎದ್ದು ಈಜು ಕಲಿತ ಹುಡುಗ ಮಿಲಿಟರಿ ಸೇರಿದ. ಅವನ ಈಜು ನೋಡಿದ ಸಾಹೇಬರು ಈ ಆಟಕ್ಕೆ ಹಾಕಿದರು. ಆದರೆ ತಾಲೀಮಿನಾಗ ಎದುರಿನವರು ಚಡ್ಡಿ ಹಿಡಿದು ಜಗ್ಗಿದಾಗಲೆಲ್ಲ ಉಣ್ಣೆಯ ಉಡದಾರ ಹರಿದುಹೋಗುತ್ತಿತ್ತು. ಹರಿದ ಸುದ್ದಿ ಕೇಳಿದ ದಿನ ಯಂಕವ್ವ ಅನ್ನ ಮುಟ್ಟುತ್ತಿರಲಿಲ್ಲ. ಕಡೆಗೆ ಅವಳೇ ಉಪಾಯ ಮಾಡಿದಳು. ಗೋಡೆ ಸೀದಾ ಬರಲೆಂದು ಗವಂಡಿಗಳು ಎಳೆದು ಕಟ್ಟುವ ನೈಲಾನ್ ದಾರ ಇರುತ್ತದಲ್ಲ, ಅದನ್ನು ಕರಿ ಉಣ್ಣೆಯ ಜೋಡಿ ತೊಡೆ ಮ್ಯಾಲೆ ಹೊಸೆದು, ಮೂರೆಳೆ ಮಾಡಿ ಕಟ್ಟಿದಳು. ಎರಡು ಕೈಲೆ ಜಗ್ಗಿ ನೋಡಿ, "ಇನ್ನ ಹರೀಲಿ ನೋಡೋಣು" ಅಂದಳು.

ಆಟ ಕಲಿಸುವ ಅವಧೂತ ಸರ್ ಬೆಳಗಾವಿಯವರು. ಆಟದ ಹಿಂದಿನ ದಿನ ಅದನ್ನು ಕಂಡು ಕೆಂಡವಾದರು.

"ಇದೇನ್ಲೇ? ಎಮ್ಮಿ ಕಟ್ಟೋ ಹಗ್ಗ ಕಟಗೊಂಡು ಬಂದೀಯಲ್ಲೋ! ನೀರಾಗ ಒಬ್ಬಂವ ಇದನ್ನ ಹಿಡದಾ ಅಂದ್ರ ನೀ ಅವನ ಎಮ್ಮಿ ಆದಿ."

"ಅವ್ವ ಕಟ್ಯಾಳ್ರಿ ಸರ್."

"ಅವ್ವ ಆಡತಾಳೇನು ನೀರಾಗ? ಕೊಯ್ದ್ ಬಾ. ಇಲ್ಲಂದ್ರ ನಾಳೆ ದಂಡಿ ಮ್ಯಾಲೆ ಟಾವೆಲ್ ಹಿಡಕೊಂಡು ಕುಂಡರು."

ಭೀಮು ಮರುದಿನ "ಕೊಯ್ದೇನ್ರಿ" ಅಂದ. ಕೊಯ್ದಿರಲಿಲ್ಲ. ಕೆಳಗೆ ಮಡಚಿಕೊಂಡು ಮ್ಯಾಲೆ ಎರಡು ಚಡ್ಡಿ ಏರಿಸಿದ್ದ. ಸೀಟಿ ಹಿಡಿದು ಆಟ ನಡೆಸುವ ಪಂಚರು ಮೊದಲು ಉಗುರು ನೋಡಿದರು, ಮೈಗೆ ಎಣ್ಣೆ ಹಚ್ಚಿದ್ದಾರೇನು ಅಂತ ಸವರಿದರು. ಸೊಂಟ ಯಾರೂ ನೋಡಲಿಲ್ಲ.

ಎದುರಿನವರ ದೇಶದ ಹೆಸರು ಬೇಡ. ನೀಲಿ ಟೊಪಗಿಯವರು. ಅವರಾಗ ಐದನೇ ನಂಬರಿನವ ಭೀಮುನ ಮ್ಯಾಲೆ ಬಿದ್ದ. ಸೀಟಿ ಊದಿ ಚೆಂಡು ಮೊದಲ ಸಲ ಗೋಲಿನ ಮುಂದೆ ಬಂದಾಗಲೇ ಅವನ ಮೊಣಕೈ ಭೀಮುನ ಮೂಗಿಗೆ ಬಡಿಯಿತು. ರಕ್ತ ನೀರಿನಾಗ ಹೊಗೆಯಂಗ ಹರಡಿತು. ಭೀಮು ಮುಖ ಒರೆಸಲಿಲ್ಲ. ಚೆಂಡು ಆ ಕಡೆ ಹೋದದ್ದೇ ತಡ, ಕೆಳಗಿನಿಂದ ಮೊಣಕಾಲಿಲೆ ಅವನ ಹೊಟ್ಟೆಗೆ ಗುದ್ದಿದ. ಐದನೆಯವ ಬಾಯಿ ತೆರೆದ, ನೀರು ಕುಡಿದ, ಕೆಮ್ಮಿ ಮತ್ತೆ ಬಂದ. ಇಬ್ಬರೂ ಚೆಂಡು ಮರೆತರು.

"ಮಾರ ತ್ಯಾಲಾ! ಮಾರ!" ಹೊಡಿ ಅವನಿಗೆ ಅಂತ ಸುತ್ತಲ ಮಂದಿ ಮರಾಠಿಯಾಗ ಕೂಗಿ ಕುಣಿದಾಡಿದರು.

ಮಂದಿ ನಡುವೆ ನನ್ನ ಪಕ್ಕ ಕುಂತಿದ್ದ ಯಂಕವ್ವ ನನ್ನ ತೋಳು ಹಿಡಿದು, "ಒಂದ ಚೆಂಡಿಗೆ ಇಷ್ಟೆಲ್ಲಾನ ಅಣ್ಣಾ? ಅವರಿಗೊಂದು ಕೊಡಿಸಿದ್ರ ಆಗತಿತ್ತು" ಅಂದಳು.

ಹಿಂದೆ ಕುಂತವ ನಕ್ಕ. "ಆಯಿ, ಎರಡು ಕೊಡಿಸಿದ್ರ ಎರಡಕ್ಕೂ ಬಡಿದಾಡತಾರ್ರಿ."

ನಾಲ್ಕು ಪಾಳಿಯ ಆಟದಾಗ ಮೂರನೇ ಪಾಳಿಗೆ ಐದನೆಯವನ ಕೈ ಭೀಮುನ ಚಡ್ಡಿಯೊಳಗೆ ಹೋಯಿತು. ಅವನ ಮಾರಿ ಮ್ಯಾಲೆ ಮೊದಲು ಅಚ್ಚರಿ, ಆಮ್ಯಾಲೆ ನಗು ಬಂತು. ಹಗ್ಗ ಸಿಕ್ಕಿತ್ತು. ಬೆರಳಿಗೆ ಸುತ್ತಿಕೊಂಡ. ಭೀಮು ಚೆಂಡಿಗೆ ಎದ್ದಾಗಲೆಲ್ಲ ಕೆಳಗೆ ಜಗ್ಗಿದ. ಭೀಮುನ ಕೈ ನೀರಿನ ಮ್ಯಾಲೆ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಭೀಮು ಸಿಟ್ಟಿಗೆದ್ದು ಹೊರಳಿ, ತಲೆಯಿಂದ ಅವನ ಹುಬ್ಬು ಒಡೆದ. ಹಂಗ ಹೊರಳಿದ್ದಕ್ಕೆ ಹಗ್ಗ ಇನ್ನೊಂದು ಸುತ್ತು ಬಿಗಿಯಿತು. ಈಗ ಐದನೆಯವ ಬಿಡಬೇಕೆಂದರೂ ಬೆರಳು ಹೊರಗೆ ಬರಲಿಲ್ಲ. ಅವನು ಕೈ ಕೀಳಲಿಕ್ಕೆ ಒದ್ದಾಡಿದ. ತನ್ನನ್ನು ಕೊಲ್ಲಲಿಕ್ಕೆ ಹೊಂಟಾನೆಂದು ತಿಳಿದು ಭೀಮು ಅವನ ಕುತ್ತಿಗೆ ಹಿಚುಕಿದ. ಇಬ್ಬರೂ ಮುಳುಗಿದರು.

ಪಂಚರ ಕಣ್ಣು ಆಚೆ ತುದಿಯ ಚೆಂಡಿನ ಮ್ಯಾಲಿತ್ತು. ನಮ್ಮ ಗೋಲು ಕಾಯುವ ಭುಜಂಗ ಒಬ್ಬನೇ ನೋಡಿದ. ಗೋಲು ಬಿಟ್ಟು ಬಂದ. ಅವನ ಹಿಂದೆಯೇ ಚೆಂಡು ಬಂದು ಖಾಲಿ ಗೋಲಿಗೆ ಬಿತ್ತು, ಮಂದಿ ಅವನ ಅವ್ವನನ್ನು ಬೈದರು. ಅವನು ಮುಳುಗಿ ಇಬ್ಬರನ್ನೂ ಎತ್ತಿದ.

ದಂಡೆ ಮ್ಯಾಲೆ ಒಂದರ ಮ್ಯಾಲೊಂದು ಮೂಟೆಯಂಗ ಬಿದ್ದಿದ್ದರು. ಇನ್ನೂ ಹಗ್ಗದಾಗ ಸಿಕ್ಕಿದ್ದ ಐದನೆಯವನ ಎರಡು ಬೆರಳ ಚರ್ಮ ಸುಲಿದು ಎಲುಬು ಕಾಣುತ್ತಿತ್ತು. ಅವನು ಅರಚುತ್ತಿದ್ದ. ಭೀಮು ಅರಚಲಿಲ್ಲ. ತುಟಿ ನೀಲಿಯಾಗಿತ್ತು, ಉಸಿರು ಇರಲಿಲ್ಲ. ಬೋರಲು ಹಾಕಿ ನೀರು ಕಕ್ಕಿಸಬೇಕೆಂದರೆ ಹೊರಳಿಸಲಿಕ್ಕೆ ಆಗುತ್ತಿರಲಿಲ್ಲ. ಅವಧೂತ ಸರ್ ಔಷಧದ ಪೆಟ್ಟಿಗೆಯಿಂದ ಕತ್ತರಿ ತಂದರು.

ಯಂಕವ್ವ ಮಂದಿ ಕೂಡುವ ಕಡೆಯ ಕಬ್ಬಿಣದ ಕಟಾಂಜನ ಹಾರಿದ್ದಳು. ಬಿದ್ದು ಮೊಣಕಾಲು ಒಡೆದಿತ್ತು. ಮಗನ ಮ್ಯಾಲೆ ಅಡ್ಡ ಬಿದ್ದಳು.

"ಮುಟ್ಟಬ್ಯಾಡ್ರಿ! ಇದನ್ನ ಹೆಣಕ್ಕ ಕೊಯ್ತಾರ್ರಿ, ಹೆಣಕ್ಕ!"

"ಯವ್ವಾ, ಕೊಯ್ಲಿಲ್ಲಂದ್ರ ಹೆಣಾನ ಆಗತಾನ. ಸರೀರಿ!"

ನಾನು ಹೋಗಿ ಅವಳ ಹೆಗಲು ಹಿಡಿದೆ. "ಯಂಕೀ, ಮೊದಲ ಹೊಸಾದು ಕಟ್ಟು. ಆಮ್ಯಾಲೆ ಕೊಯಿ."

ಅವಳು ನನ್ನನ್ನು ನೋಡಿದಳು. ಸೆರಗಿನ ಅಂಚು ಹಲ್ಲಿಲೆ ಹರಿದಳು. ಸರ್ "ಟೈಮ್ ಇಲ್ಲರೀ" ಅಂತ ಕೂಗುತ್ತಲೇ ಇದ್ದರು, ಐದನೆಯವ ನೆಲಕ್ಕೆ ತಲೆ ಬಡಿದುಕೊಳ್ಳುತ್ತಿದ್ದ. ಅವಳು ಮಗನ ಸೊಂಟದ ಕೆಳಗೆ ಕೈ ತೂರಿಸಿ, ಚೂರು ಸುತ್ತಿ ಗಂಟು ಹಾಕಿದಳು. ಆಮ್ಯಾಲೆ ಸರ್ ಕೈಯಿಂದ ಕತ್ತರಿ ಕಸಿದಳು. ಕತ್ತರಿ ನೈಲಾನನ್ನು ಕಚ್ಚಲಿಲ್ಲ. ತನ್ನ ಹೆಬ್ಬೆರಳಿಗೂ ಗಾಯ ಮಾಡಿಕೊಂಡು, ಅಗಿದಂಗ ಮಾಡಿ ಕೊಯ್ದಳು.

ಭೀಮುನನ್ನು ಬೋರಲು ಹಾಕಿ ಬೆನ್ನು ಒತ್ತಿದರು. ರಕ್ತ ಬೆರೆತ ನೀರು ಕಕ್ಕಿದ. ಉಸಿರು ಎಳೆದ.

ಕಂಬಳಿ ಹೊದಿಸಿ ಕೂಡಿಸಿದರು. ಯಂಕವ್ವ ಅವನ ತಲೆ ಎದೆಗೆ ಒತ್ತಿಕೊಂಡು ಒಂದೇ ಸವನೆ "ನನ್ನ ಕೂಸು, ನನ್ನ ಕೂಸು" ಅನ್ನುತ್ತಿದ್ದಳು. ನಾಲ್ಕು ಮಾರು ದೂರ ಐದನೆಯವ ನೆಲದ ಮ್ಯಾಲೆ ಕುಂತು, ಡಾಕ್ಟರಿಗೆ ಕೈ ಕೊಟ್ಟು ಅಳುತ್ತಿದ್ದ. ಸಣ್ಣ ವಯಸ್ಸು, ಮೀಸೆ ಸರಿಯಾಗಿ ಮೂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಭೀಮು ಎದ್ದ. ತೂರಾಡುತ್ತ ಆ ಕಡೆ ನಡೆದ. ಕೈ ಕುಲುಕಲಿಕ್ಕೆ ಹೊಂಟಾನೆಂದು ಮಂದಿ ಚಪ್ಪಾಳೆ ಶುರು ಮಾಡಿದರು. ಐದನೆಯವನೂ ಒಳ್ಳೆಯ ಕೈ ಎತ್ತಿದ. ಭೀಮು ಹಿಮ್ಮಡದಿಂದ ಅವನ ಬಾಯಿಗೆ ಒದ್ದ. ಹಲ್ಲು ಕಲ್ಲಿನ ಮ್ಯಾಲೆ ಸಿಡಿದವು. ಹಿಂದಕ್ಕೆ ಬಿದ್ದವನ ಅದೇ ಸುಲಿದ ಬೆರಳುಗಳ ಮ್ಯಾಲೆ ಕಾಲಿಟ್ಟು ತಿರುವಿದ. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು. ಡಾಕ್ಟರನ್ನೂ ದೂಡಿ ಮತ್ತೆ ತುಳಿದ. ನಾಲ್ಕು ಮಂದಿ ಹಿಡಿದು ಎಳೆಯುವಾಗ ಅವನು ನಗುತ್ತಿದ್ದ.

ಯಂಕವ್ವ ಎದ್ದು ಹೋದಳು. ಹೊಡೆಯುತ್ತಾಳೆಂದು ನಾನು ತಿಳಿದೆ. ಹೊಡೆಯಲಿಲ್ಲ. ಹಿಡಿದವರ ನಡುವೆ ಕೈ ಹಾಕಿ, ತಾನೇ ಹಾಕಿದ್ದ ಗಂಟು ಬಿಚ್ಚಿ ಅವನ ಸೊಂಟ ಬರಿದು ಮಾಡಿದಳು.

ಭೀಮುನ ನಗು ಹೋಯಿತು. "ಯವ್ವಾ, ಏನ್ ಮಾಡಾಕತ್ತಿ? ಯವ್ವಾ!"

"ನನ್ನ ಸೀರಿ ಚೂರು. ನನಗ ಬೇಕು."

ಪಂಚರು ಅವನನ್ನು ಇಡೀ ಪಂದ್ಯಾವಳಿಯಿಂದ ಹೊರಗೆ ಹಾಕಿದರು. ಅದು ಸೋಮವಾರ. ಮರುದಿನ ಅವನ ಪಲ್ಟನ್ನಿನ ಗಾಡಿ ಬಂದು ಕರಕೊಂಡು ಹೋಯಿತು. ಹೋಗುವ ಮೊದಲು ನಮ್ಮ ತಗಡಿನ ಪತ್ರಾಸಿನ ಮನಿಗೆ ಬಂದು, ಬಾಗಿಲಾಗ ನಿಂತು "ಮಾಮಾ, ಅವ್ವನ್ನ ಕರಿ" ಅಂದ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಬಡಿಯೋದು ನಿಲ್ಲಿಸಲಿಲ್ಲ. ಐದನೇ ನಂಬರಿನ ಹುಡುಗನ ಬೆರಳು ಕೊಯ್ದು ತೆಗೆದರೆಂದು ಭುಜಂಗ ಬಂದು ಹೇಳಿದ. ಆ ಹುಡುಗನೂ ತನ್ನ ತಂಡದ ಜೋಡಿ ಬುಧವಾರ ವಿಮಾನ ಹತ್ತಿದ.

ಯಂಕವ್ವ "ಅಣ್ಣಾ, ನನ್ನ ಊರಿಗೆ ಹಚ್ಚು" ಅಂದಳು. ಸ್ವಾರಗೇಟ ಸ್ಟ್ಯಾಂಡಿನಾಗ ಶಹಾಪುರದ ಬಸ್ಸಿಗೆ ಕೂಡಿಸಿ ಬಂದೆ. ಅವಳು ಊರಿಗೆ ಹೋದದ್ದು ಗುರುವಾರ.