ಎಡಚಿ ಚಿಗಳಿ

ಹತ್ತಿಮತ್ತೂರಿನ ಪಂಚಾಯಿತಿ ಕಚೇರಿಯ ಟೀವಿಗೆ ಎರಡು ಕಾಯಿಲೆ ಇದ್ದವು. ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು, ಚಿತ್ರ ಬಂದರೆ ಕರೆಂಟು ಹೋಗುತ್ತಿತ್ತು. ಗಾಳಿಯ ಕಾಯಿಲೆಗೆ ಔಷಧವೆಂದರೆ ಜವಾನ ಖಾದರಸಾಬ. ಅವನು ಮಾಳಿಗೆ ಹತ್ತಿ ಆಂಟೆನಾದ ಕೋಲು ಹಿಡಿದು "ಬಂತೇನ್ರಿ?" ಎಂದು ಕೂಗಬೇಕು, ಕೆಳಗಿನವರು "ಇನ್ನ ಸ್ವಲ್ಪ ಸವಣೂರ ಕಡೆ ತಿರಗಸೋ!" ಎಂದು ಕೂಗಬೇಕು. ಕರೆಂಟಿನ ಕಾಯಿಲೆಗೆ ಮಾತ್ರ ಮದ್ದಿರಲಿಲ್ಲ.

ಎಂಬತ್ತೈದರ ಆ ಶನಿವಾರ ಸಂಜೆ ಎರಡು ಕಾಯಿಲೆಗಳಲ್ಲಿ ಒಂದೂ ಬರಲಿಲ್ಲ. ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಗೋಪಿಕಾಬಾಯಿ ಊರ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುವ ಅಕ್ಕೋರು. ಗಂಡನ ಹಳೆಯ ಕಾಲುಚೀಲ, ಹರಿದ ಇಳಕಲ್ಲ ಸೀರೆಯ ಸೆರಗು, ಅಂಗಿಯ ಎರಡು ಗುಂಡಿ ಇಷ್ಟರಲ್ಲೇ ಅವಳು ಒಂದು ಕೈಗೊಂಬೆ ಹೊಲಿದಿದ್ದಳು. ಮುಖ ಕಪ್ಪಗೆ, ಗುಂಡಗೆ ಪಂಚಮಿಗೆ ಕಟ್ಟುವ ಎಳ್ಳಿನ ಉಂಡೆ ಚಿಗಳಿಯಂತೆ ಬಂದಿತ್ತು, ಮಕ್ಕಳು ಆ ಹೆಸರನ್ನೇ ಇಟ್ಟರು. ಅಕ್ಕೋರ ಮುಂದೆ ಬಾಯಿ ಬಿಡದ ಮಕ್ಕಳೆಲ್ಲ ಚಿಗಳಿಯ ಮುಂದೆ ವಟವಟ ಮಾತಾಡುತ್ತಿದ್ದವು. ಶಾಲೆ ನೋಡಲು ಬಂದ ಸಾಹೇಬರೊಬ್ಬರು ಇದನ್ನು ಕಂಡು ಮೆಚ್ಚಿ ಎಲ್ಲಿಗೋ ಬರೆದರು. ಎರಡು ತಿಂಗಳಿಗೆ ಟೀವಿಯವರಿಂದ ಕಾಗದ ಬಂತು. ಮಕ್ಕಳಿಗೆ ಅಕ್ಷರ, ಅಂಕಿ ಕಲಿಸುವ ಹೊಸ ಕಾರ್ಯಕ್ರಮ, ಗೊಂಬೆ ತಗೊಂಡು ಬನ್ನಿ ಎಂದು.

ಮೊದಲ ಕಂತಿನಲ್ಲಿ ಚಿಗಳಿ ನಮಸ್ಕಾರ ಹೇಳಿ, ಹತ್ತರವರೆಗೆ ಎಣಿಸಿ ಹೋಗಿದ್ದಳು, ಅಷ್ಟೇ. ಅಷ್ಟಕ್ಕೇ ಊರು ಹಿಗ್ಗಿ ಹೀರೇಕಾಯಿಯಾಯಿತು. ಕಾಲಿಗೆ ಹಾಕುವುದನ್ನು ಕೈಗೆ ಹಾಕಿಕೊಂಡು ಪುಸ್ತಕ ಮುಟ್ಟುತ್ತಾಳೆಂದು ವರ್ಷವಿಡೀ ಬೈದಿದ್ದ ಅತ್ತೆ ಭಾಗೀರಥಿಬಾಯಿ ಕೂಡ ಎರಡನೆಯ ಕಂತಿನ ದಿನ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಖುರ್ಚಿ ಹಿಡಿದರು.

ಗೋಪಿಕಾಬಾಯಿಗೆ ಮಾತ್ರ ಈ ಹೊಗಳಿಕೆ ಮೈಗೆ ಹತ್ತಿರಲಿಲ್ಲ. ಅವಳ ತಲೆಯ ತುಂಬ ಗುತ್ತೆವ್ವ ಇದ್ದಳು.

ಗುತ್ತೆವ್ವ ಮಂಜವ್ವನ ಮಗಳು, ಆರು ತುಂಬಿ ಏಳಕ್ಕೆ ಬಿದ್ದವಳು. ಮಾತು ಕಡಿಮೆ, ಬುದ್ಧಿ ಚುರುಕು. ಬಳಪ ಹಿಡಿಯುವುದು ಎಡಗೈಯಲ್ಲಿ. ಅಕ್ಷರವೆಂದರೆ ಸರಸ್ವತಿ, ಎಡಗೈಯಲ್ಲಿ ಬರೆಯಬಾರದು ಎಂದು ಗೋಪಿಕಾಬಾಯಿ ತನ್ನ ತಂದೆಯಿಂದ ಕಲಿತಿದ್ದಳು. ಯಾಕೆ ಎಂದು ಅವಳೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಮೊದಲು ಬಾಯಿಮಾತಲ್ಲಿ ಹೇಳಿದಳು. ಆಮೇಲೆ ಎಡಗೈಗೆ ಅರಿವೆ ಕಟ್ಟಿದಳು. ಬಲಗೈಯಲ್ಲಿ ಬರೆದರೆ ಹುಡುಗಿಯ ಅಕ್ಷರಗಳೆಲ್ಲ ಪಾಟಿಯ ಮೇಲೆ ಕಾಲುಮುರಿದು ಬಿದ್ದಂತಿರುತ್ತಿದ್ದವು. ಒಂದು ದಿನ ಅರಿವೆ ಬಿಚ್ಚಿ ಮತ್ತೆ ಎಡಗೈಯಲ್ಲಿ ಬರೆಯುತ್ತಿದ್ದುದನ್ನು ಕಂಡು ಫೂಟಪಟ್ಟಿಯಿಂದ ಬೆರಳಿನ ಗಿಣ್ಣಿಗೆ ಹೊಡೆದಳು. ಒಂದೇ ಏಟು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಂದಲ್ಲ, ಎರಡು.

ಗುತ್ತೆವ್ವ ಅಳಲಿಲ್ಲ. ಪಾಟಿಯನ್ನು ಚೀಲದಲ್ಲಿಟ್ಟುಕೊಂಡು ಎದ್ದು ಹೋದವಳು ಆ ಶನಿವಾರಕ್ಕೆ ಇಪ್ಪತ್ತೆರಡು ದಿನವಾದರೂ ಶಾಲೆಯತ್ತ ಬಂದಿರಲಿಲ್ಲ. ಗೋಪಿಕಾಬಾಯಿ ಒಮ್ಮೆ ಮನೆಗೆ ಹೋಗಿ ಕರೆದಿದ್ದಳು. ಮಂಜವ್ವ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟಳು.

"ಶಾಲಿ ಅಂದ್ರ ಸಾಕ್ರಿ ಅಕ್ಕೋರ, ಹಿತ್ತಲದಾಗ ಹೋಗಿ ಕುಂದ್ರತಾಳ. ನೀವು ಹೊಡದದ್ದು ಆಕಿ ಒಳ್ಳೇದಕ್ಕ, ನನಗ ಗೊತ್ತೈತ್ರಿ. ಇರ್ಲಿ ಬಿಡ್ರಿ, ಮನ್ಯಾಗ ಕೂಸು ಐತಿ, ಆಡಸ್ಕೋಂತ ಇರ್ತಾಳ."

ಬೈದಿದ್ದರೆ ಚೆನ್ನಾಗಿತ್ತು. ಒಳ್ಳೆಯದಕ್ಕೆ ಎಂಬ ಆ ಮಾತು ಕೇಳಿ ಗೋಪಿಕಾಬಾಯಿ ಅರ್ಧ ಚಹಾ ಬಿಟ್ಟು ಎದ್ದು ಬಂದಳು. ತಿಂಗಳು ತುಂಬಿದರೆ ಹಾಜರಿಪಟ್ಟಿಯಿಂದ ಹೆಸರು ಕಮ್ಮಿ ಮಾಡುತ್ತಾರೆ. ಹಾಗೆ ಹೆಸರು ಹೋದ ಹೆಣ್ಣುಮಗು ಮರಳಿ ಬಂದದ್ದನ್ನು ಅವಳು ಹನ್ನೊಂದು ವರ್ಷದ ನೌಕರಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ತಿಂಗಳಿಗೆ ಇನ್ನು ಎಂಟು ದಿನ ಉಳಿದಿತ್ತು.

ಎರಡನೆಯ ಕಂತನ್ನು ತೆಗೆದದ್ದು ಈ ಸಂಕಟದ ನಡುವೆಯೇ. ಈ ಸಲ ಚಿಗಳಿ ಒಂದು ಅಕ್ಷರ ಬರೆಯಲಿ ಎಂದು ಟೀವಿಯವರು ಹೇಳಿ ಕಳಿಸಿದ್ದರು. ಅವರಿಗೇನು, ಹೇಳಿಬಿಟ್ಟರು. ಗೊಂಬೆಯ ಕುತ್ತಿಗೆಯಲ್ಲಿ ತೋರುಬೆರಳು, ಒಂದು ತೋಳಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ನಡುಬೆರಳು. ನಡುಬೆರಳಿಗೆ ಅಷ್ಟು ಕಸುವೆಲ್ಲಿಂದ ಬರಬೇಕು? ಹೆಬ್ಬೆರಳಿದ್ದ ತೋಳಿಗೇ ರಬ್ಬರು ಸುತ್ತಿ ಬಳಪ ಕಟ್ಟಿದಳು. ಮನೆಯ ಮೇಜಿನ ಕೆಳಗೆ ಕೂತು, ಕೈ ಮೇಲೆತ್ತಿ, ಕಾಣದ ಪಾಟಿಯ ಮೇಲೆ ವಾರವಿಡೀ ರೂಢಿ ಮಾಡಿದಳು. ಅ ಬರೆದರೆ ಅಡ್ಡಬಿದ್ದ ಕೊಡದಂತಾಯಿತು. ಕ ಬರೆದರೆ ಚೇಳು. ಕೊನೆಗೆ ರ ಒಂದು ಅಷ್ಟಿಷ್ಟು ದುಂಡಗೆ ಬಂತು. ಸ್ಟುಡಿಯೋದಲ್ಲೂ ಮೇಜಿನ ಕೆಳಗೇ ಕೂತಿದ್ದರಿಂದ ಅವಳಿಗೆ ಕಂಡದ್ದು ಮೇಜಿನ ಹಲಗೆ ಮತ್ತು ಯಾರದೋ ಚಪ್ಪಲಿ. ಚೆನ್ನಾಗಿ ಬಂತು ಎಂದರು, ಬಸ್ಸು ಹಿಡಿದು ಬಂದಳು.

ಇಷ್ಟಾದ ಮೇಲೆ ಬಂದದ್ದು ಆ ಶನಿವಾರ. ಕಚೇರಿಯ ಅಂಗಳ ತುಂಬಿತ್ತು. ಹಿಂದೆ, ಕಟ್ಟೆಯ ಹತ್ತಿರ, ಕಂಕುಳಲ್ಲಿ ಕೂಸು ಎತ್ತಿಕೊಂಡ ಮಂಜವ್ವ, ಅವಳ ಸೆರಗಿನ ಮರೆಗೆ ಗುತ್ತೆವ್ವ. ಗೋಪಿಕಾಬಾಯಿ ನೋಡಿದಳು, ಹುಡುಗಿ ಮುಖ ತಿರುಗಿಸಿದಳು.

ಟೀವಿಯಲ್ಲಿ ಜುಬ್ಬಾ ಹಾಕಿದ ಮಾಮಾ ಕೇಳಿದ: "ಚಿಗಳಿ, ಇವತ್ತು ರ ಬರೆಯುತ್ತೀಯಾ?"

"ಓಹೋ, ಬರೀತೇನಿ!" ಎಂದು ಚಿಗಳಿ ಗೋಪಿಕಾಬಾಯಿಯ ಕೀರಲು ದನಿಯಲ್ಲಿ ಅಂದು, ಪಾಟಿಯ ಮೇಲೆ ಬಾಗಿ ಬರೆಯತೊಡಗಿದಳು.

ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಏ, ಚಿಗಳಿ ಎಡಚಿ ಅದಾಳಲೇ!"

ಅಂಗಳ ಘೊಳ್ಳೆಂದು ನಕ್ಕಿತು. ಭಾಗೀರಥಿಬಾಯಿ ಖುರ್ಚಿಯಲ್ಲೇ ಹಿಂದೆ ತಿರುಗಿದರು. "ಗೋಪಿಕಾ, ಎಡಗೈಲೆ ಬರೀಲಿಕ್ಕತ್ತದಲ್ಲ ನಿನ್ನ ಗೊಂಬಿ! ನಾಡಿನ ಮಂದಿಯೆಲ್ಲಾ ನೋಡ್ಲಿಕ್ಕತ್ತಾರ!"

ಗೋಪಿಕಾಬಾಯಿ ಸೆರಗಿನ ಮರೆಯಲ್ಲಿ ತನ್ನ ಬಲಗೈ ಎತ್ತಿ ನೋಡಿಕೊಂಡಳು. ಅಂಗೈ ಜನರ ಕಡೆ, ಹೆಬ್ಬೆರಳು ಎಡಕ್ಕೆ. ಗೊಂಬೆಯ ಮುಖವೂ ಜನರ ಕಡೆ. ಅಂದಮೇಲೆ ಹೆಬ್ಬೆರಳು ಹೊಕ್ಕ ತೋಳು ಗೊಂಬೆಯ ಎಡಗೈ. ವರ್ಷವಿಡೀ ಅದೇ ಗೊಂಬೆ ತರಗತಿಯಲ್ಲಿ ಚಪ್ಪಾಳೆ ತಟ್ಟಿತ್ತು, ಎಣಿಸಿತ್ತು, ಆದರೆ ಬರೆದಿರಲಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ತನ್ನ ಬಲಗೈ ಒಳಗೆ ಹೋಗಿ ಹೊರಗೆ ಎಡಗೈಯಾಗಿತ್ತು! ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು.

ಆಗ ಜನ ಅತ್ತಿತ್ತ ಸರಿದರು. ಗುತ್ತೆವ್ವ ತಾಯಿಯ ಸೆರಗು ಬಿಟ್ಟು ನಡುವಿಂದ ನಡೆದು ಬರುತ್ತಿದ್ದಳು. ಟೀವಿಯ ಮುಂದೆ ಬಂದು ನಿಂತು, ಚಿಗಳಿ ರ ಮುಗಿಸುವ ತನಕ ಕಣ್ಣು ಮಿಟುಕಿಸದೆ ನೋಡಿದಳು. ಮಾಮಾ ಪಾಟಿ ಎತ್ತಿ ತೋರಿಸಿ "ಭೇಷ್ ಚಿಗಳಿ! ಎಷ್ಟು ದುಂಡಗೆ ಬರೆದಿದ್ದೀ!" ಎಂದ.

ಗುತ್ತೆವ್ವ ಅಕ್ಕೋರ ಕಡೆ ತಿರುಗಿದಳು.

"ಅಕ್ಕೋರ, ಆಕಿಗೂ ಹೊಡದ್ರೇನ್ರಿ?"

ನಗು ನಿಂತಿತು. ಗಾಳಿ ಬಂದೀತೆಂದು ಮೊದಲೇ ಮಾಳಿಗೆ ಹತ್ತಿ ಕೂತಿದ್ದ ಖಾದರಸಾಬ ಮಾತ್ರ ಏನೂ ತಿಳಿಯದೆ "ಬಂತೇನ್ರಿ?" ಎಂದು ಕೂಗಿದ.

"ಇಲ್ಲವಾ, ಹೊಡೀಲಿಲ್ಲ," ಎಂದಳು ಗೋಪಿಕಾಬಾಯಿ.

"ಯಾಕ್ರಿ?"

"ಆಕಿ ತಪ್ಪು ಮಾಡಿದ್ದಿಲ್ಲಲ್ಲ."

ಹುಡುಗಿ ಅಂದಳು: "ನಾನೂ ಮಾಡಿದ್ದಿಲ್ರಿ."

ಹೌದು, ಮಾಡಿರಲಿಲ್ಲ. ಇದು ತನಗೆ ಇಪ್ಪತ್ತೆರಡು ದಿನದಿಂದ ಗೊತ್ತಿತ್ತು ಎಂಬುದೂ ಗೋಪಿಕಾಬಾಯಿಗೆ ಆಗಲೇ ಹೊಳೆಯಿತು. ಎದುರಿಗೆ ಅತ್ತೆ, ಸುತ್ತ ಊರು. ನಾಚಿಕೆ ಆಯಿತು, ಆದರೆ ಗೊಂಬೆಯ ಎಡಗೈಗಾಗಿ ಆಗಿದ್ದ ನಾಚಿಕೆಯಲ್ಲ ಅದು. ಅವಳು ಹುಡುಗಿಯ ಮುಂದೆ ಕೂತಳು.

"ಇಲ್ಲ ನನ್ನವ್ವ, ನೀನೂ ಮಾಡಿದ್ದಿಲ್ಲ. ತಪ್ಪು ನಂದು. ನಿನಗ ಹೊಡೀಬಾರದಿತ್ತು. ಇನ್ನ ನಿನಗ ಯಾ ಕೈಲೆ ಬರೀಲಿಕ್ಕೆ ಬರ್ತದೋ ಆ ಕೈಲೆ ಬರಿ."

ಗುತ್ತೆವ್ವ ಹೋಗಿ ಮತ್ತೆ ಸೆರಗಿನ ಮರೆಗೆ ನಿಂತಳು.

ಮನೆಗೆ ಹೋಗುವಾಗ ಭಾಗೀರಥಿಬಾಯಿ ಕೇಳಿದರು: "ಅದನ್ನ ತಿದ್ದಸಲಿಕ್ಕೆ ಬರೂದಿಲ್ಲೇನು?"

"ಬರೂದಿಲ್ಲ, ಅತ್ಯಾ. ಎಲ್ಲಾರೂ ನೋಡಿಬಿಟ್ರಲ್ಲ."

"ರ ಮಾತ್ರ ದುಂಡಗ ಬಂದಿತ್ತು ಬಿಡು," ಎಂದರು ಅತ್ತೆ. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ರವಿವಾರ ಮುಗಿಯಲೇ ಇಲ್ಲ. ಸೋಮವಾರ ಪ್ರಾರ್ಥನೆಯ ಸಾಲಿನಲ್ಲಿ ಗುತ್ತೆವ್ವ ಇರಲಿಲ್ಲ. ಗೋಪಿಕಾಬಾಯಿ ಹಾಜರಿ ಕರೆಯಲು ಕೂತಳು. ಹೆಸರು ಬಂತು. "ಗುತ್ತೆವ್ವ." ಇಷ್ಟು ದಿನವೂ ಪಕ್ಕದ ಹುಡುಗಿ "ಬಂದಿಲ್ರೀ" ಎನ್ನುತ್ತಿದ್ದಳು.

"ಹಾಜರ್ರಿ," ಎಂಬ ದನಿ ಬಾಗಿಲಿಂದ ಬಂತು.

ಕೊರಳಿಗೆ ಪಾಟಿಚೀಲ, ತಲೆಗೆ ಎಣ್ಣೆ, ಬಿಗಿಯಾಗಿ ಹೆಣೆದ ಎರಡು ಜಡೆ. ಗೋಪಿಕಾಬಾಯಿಯ ಎದೆಯ ಮೇಲಿಂದ ಯಾರೋ ಬೀಸುಕಲ್ಲು ಇಳಿಸಿದಂತಾಯಿತು. ಮಕ್ಕಳ ಮುಂದೆ ಅಳಬಾರದೆಂದು ಹಾಜರಿಪಟ್ಟಿಯಲ್ಲಿ ತಲೆ ಹುದುಗಿಸಿ, ಆ ಹೆಸರಿನ ಮುಂದೆ ಗುರುತು ಹಾಕಿದಳು.

ಗುತ್ತೆವ್ವ ತನ್ನ ಜಾಗದಲ್ಲಿ ಕೂತು ಎಡಗೈಯಲ್ಲಿ ರ ಬರೆದಳು. ಒಂದಲ್ಲ, ಪಾಟಿ ತುಂಬ. ಒಂದಕ್ಕಿಂತ ಒಂದು ದುಂಡಗೆ. ಗೋಪಿಕಾಬಾಯಿಗೆ ಏನು ಕೊಟ್ಟರೂ ಕಡಿಮೆ ಅನಿಸಿತು. ಯಾರಿಗೂ ಮುಟ್ಟಗೊಡದ ಚಿಗಳಿಯನ್ನೇ ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟಳು.

"ಹಾಕ್ಕೋ. ಇವತ್ತ ನೀನ ಬರಸು ಆಕಿ ಕೈಲೆ."

ಗುತ್ತೆವ್ವ ತನಗೆ ರೂಢಿಯಿದ್ದ ಎಡಗೈಯನ್ನೇ ಗೊಂಬೆಯೊಳಗೆ ತೂರಿಸಿದಳು. ಹೆಬ್ಬೆರಳಿದ್ದ ತೋಳಿಗೆ ಅಕ್ಕೋರು ಬಳಪ ಕಟ್ಟಿದರು. ಹುಡುಗಿ ಮೇಜಿನ ಹಿಂದೆ ಕೂತು, ಚಿಗಳಿಯನ್ನು ಮಕ್ಕಳ ಕಡೆ ತಿರುಗಿಸಿ, ನಾಲಗೆ ತುದಿ ಕಚ್ಚಿಕೊಂಡು ಬರೆಸತೊಡಗಿದಳು.

ಎರಡು ಗಳಿಗೆಯಲ್ಲಿ ತರಗತಿ ಕೂಗಿತು: "ಅಕ್ಕೋರ! ಚಿಗಳಿ ಬಲಗೈಲೆ ಬರ್ಯಾಕತ್ತಾಳ್ರಿ!"

ಮೇಜಿನ ಹಿಂದಿನ ಕೈ ಥಟ್ಟನೆ ನಿಂತಿತು. ಗುತ್ತೆವ್ವನ ಎರಡು ಜಡೆ, ಆಮೇಲೆ ಎರಡು ಕಣ್ಣು ಮೇಲೆ ಬಂದವು. ಗೊಂಬೆಯ ಬಲಗೈ ನೋಡಿದಳು, ಅಕ್ಕೋರ ಮುಖ ನೋಡಿದಳು. ಮುಖದಲ್ಲಿ ಗಾಬರಿ.

"ಅಕ್ಕೋರ," ಎಂದಳು ಮೆಲ್ಲಗೆ, "ಬಲಗೈನೂ ನಡೀತೈತೇನ್ರಿ?"