ಮಣ್ಣಿಗೆ ಕೊಟ್ಟ ರಜೆ

ಸೊಪ್ಪಿನಕ್ಕನ ಉಗುರು ಸಂದಿಯ ಮಣ್ಣು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಒಂದೇ ಹೊಲವನ್ನು ಗೇಣಿಗೆ ಮಾಡಿದವಳು. ಅವಳ ಬದುವಿನಾಚೆ ನನ್ನ ಹೊಲ. ಇಬ್ಬರಿಗೂ ಒಬ್ಬನೇ ಧಣಿ. ಮೊದಲೆಲ್ಲ ಪಟ್ಟಣ ದೂರವಿತ್ತು. ಈಗ ಬಸ್ಸಿನ ಹೊಗೆ ನಮ್ಮ ಸೊಪ್ಪಿನ ಮೇಲೇ ಕೂರುತ್ತದೆ.

ಅಕ್ಕ ಮೂಲಂಗಿ ಕಿತ್ತು ಮುಗಿಸಿದ ದಿನ ಧಣಿ ಬಂದ. ಎಂದೂ ಕಾರಿನಿಂದ ಇಳಿಯದವನು ಅವತ್ತು ಬಗ್ಗಿ ಮಣ್ಣು ಮುಟ್ಟಿದ.

"ಮಣ್ಣು ದಣಿದಿದೆ ಕಣಮ್ಮ. ಈ ಸಲ ಬಿತ್ತಬೇಡ. ಗೇಣಿನೂ ಬೇಡ."

ಹೊಲಕ್ಕೆ ಒಂದು ಬೆಳೆಯಷ್ಟಾದರೂ ವಿಶ್ರಾಂತಿ ಕೊಡೋಣವೆಂದು ಅಕ್ಕ ವರ್ಷಗಟ್ಟಲೆ ಗೋಗರೆದಿದ್ದಳು. ಅವಳ ಕಣ್ಣು ತುಂಬಿತು.

"ಕೊನೆಗೂ ಧಣಿಗೆ ಬುದ್ಧಿ ಬಂತು ನೋಡೇ," ಎಂದಳು ನನಗೆ.

ಮೂರು ತಿಂಗಳು ಕಂಡವರ ಮನೆಯ ಪಾತ್ರೆ ತಿಕ್ಕಿ ಹೊಟ್ಟೆ ಹೊರೆದಳು. ಸಂಜೆ ಬಂದು ಖಾಲಿ ಹೊಲವನ್ನು ನೋಡಿ ಹೋಗುತ್ತಿದ್ದಳು, ಬಾಣಂತಿ ಮಗಳನ್ನು ನೋಡಿ ಹೋಗುವ ತಾಯಿಯ ಹಾಗೆ.

ನಾಲ್ಕನೇ ತಿಂಗಳು ಸರ್ಕಾರಿ ಜೀಪು ಬಂತು. ಅಧಿಕಾರಿ ಕೊಡೆಯ ನೆರಳಲ್ಲೇ ನಿಂತು ಕೇಳಿದ.

"ಇಲ್ಲಿ ಬೆಳೆ ಇದ್ಯಾ?"

"ಏನೂ ಇಲ್ಲ ಸಾರ್. ಈ ಸಲ ಮಣ್ಣಿಗೆ ರಜೆ." ಅಕ್ಕ ನಕ್ಕಳು.

"ಹಾಗಾದ್ರೆ ಇಲ್ಲಿ ಹೆಬ್ಬೆಟ್ಟು ಒತ್ತಮ್ಮ."

ಒತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ಏನದು ಎಂದು ಕೇಳಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ.

ಹೊಲದ ತುಂಬ ಬಿಳಿ ಕಲ್ಲು ನೆಟ್ಟ ದಿನ ಇಬ್ಬರೂ ತಾಲ್ಲೂಕು ಕಚೇರಿಗೆ ಓಡಿದೆವು. ಗುಮಾಸ್ತ ಕಾಗದ ತೆಗೆದು ಓದಿದ.

"ಬರಡು ಭೂಮಿ. ಬೇಸಾಯಕ್ಕೆ ಯೋಗ್ಯವಲ್ಲ. ನಿವೇಶನಕ್ಕೆ ಪರಿವರ್ತಿಸಬಹುದು. ಉಳುಮೆ ಮಾಡುವವಳೂ ಒಪ್ಪಿದ್ದಾಳೆ."

"ಬರಡು ಅಂತ ನಾನಂದ್ನಾ ಸ್ವಾಮಿ?"

"ಹೆಬ್ಬೆಟ್ಟು ನಿಂದೇ ತಾನೆ?"

ಅಕ್ಕ ತನ್ನ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದಳು.

"ಇಷ್ಟು ಹೆತ್ತವಳನ್ನ ನನ್ನ ಕೈಯಾರೆ ಬಂಜೆ ಅಂದ್ಬಿಟ್ನಲ್ಲೇ..."

ನಾನೂ ಅವಳ ಪಕ್ಕ ಕೂತೆ. ಇಬ್ಬರೂ ಅತ್ತೆವು. ಗುಮಾಸ್ತ ಫ್ಯಾನಿನ ವೇಗ ಹೆಚ್ಚಿಸಿಕೊಂಡ.

ಮರುವಾರ ನಾನು ಬಿತ್ತನೆಗೆ ನಿಂತಿದ್ದೆ. ಅಕ್ಕ ಕೂಲಿಗೆ ಬಂದಿದ್ದಳು, ನನ್ನ ಹೊಲಕ್ಕೆ. ಕಾರು ನಿಂತಿತು. ಧಣಿ ಇಳಿದು, ಬಗ್ಗಿ, ಮಣ್ಣು ಮುಟ್ಟಿದ.

"ಮಣ್ಣು ದಣಿದಿದೆ ಕಣಮ್ಮ..."

ಅಕ್ಕ ನನ್ನ ಮಡಿಲಿನಿಂದ ಬೀಜದ ಚೀಲ ಕಿತ್ತುಕೊಂಡು ಅವನ ಕಣ್ಣೆದುರೇ ಚೆಲ್ಲುತ್ತ ಬಂದಳು. ಆಚೀಚೆ ಹೊಲದ ಹೆಂಗಸರು ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಒಬ್ಬೊಬ್ಬರಾಗಿ ಬದು ದಾಟಿ ಬಂದರು.

ಅಕ್ಕ ಧಣಿಯ ಮುಂದೆ ಬಂದು ನಿಂತಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಸ್ವಲ್ಪ ಸರ್ಕೊಳ್ಳಿ ಧಣಿ. ನೀವು ನಿಂತಿರೋ ಜಾಗಕ್ಕೂ ಬೀಜ ಬೀಳ್ಬೇಕು."